ಪೆನ್ನು ನಿಂತ ಜಾಗ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೇನೂ ತೊಂದರೆಯಿಲ್ಲ, ತೀರಿಕೊಂಡು ಐದು ತಿಂಗಳಾಯಿತು. ಆದರೆ ಹೇಳಲೇಬೇಕಾದ ಒಂದು ದಿನ ಅವರ ಹೆಸರು ಹೇಳದೆ ಬಾಯಿ ಮುಚ್ಚಿಕೊಂಡು ನಿಂತವನು ನಾನು. ಈಗ ಹತ್ತು ಜನ ಓದುವ ಹಾಗೆ ಬರೆದು ಒಳ್ಳೆಯವನೆನಿಸಿಕೊಳ್ಳುವ ಹಕ್ಕು ನನಗಿಲ್ಲ. ಕಚೇರಿ ಯಾವುದೆಂದೂ ಹೇಳುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರು ತಾಲ್ಲೂಕು ಬಿಟ್ಟು ನನ್ನ ನೌಕರಿ ಆಚೆ ಹೋಗಲಿಲ್ಲ. ಇನ್ನೆಂಟು ತಿಂಗಳಿಗೆ ಅದೂ ಮುಗಿಯುತ್ತದೆ. ಮೂರರಲ್ಲಿ ಒಂದು ಎಂದು ತಿಳಿದುಕೊಳ್ಳಿ, ಸಾಕು.

ಅವರು ಟಪಾಲು ಮೇಜಿನ ಗುಮಾಸ್ತರು. ಜನ ತಂದ ಅರ್ಜಿ ತೆಗೆದುಕೊಂಡು, ಸೀಲು ಹೊಡೆದು, ಒಳಗೆ ಕಳಿಸುವ ಕೆಲಸ. ನೋಡಲು ವಿಶೇಷವೇನೂ ಇಲ್ಲದ ಕುಳ್ಳ ಮನುಷ್ಯ. ಅರ್ಧ ತೋಳಿನ ಬಿಳಿ ಅಂಗಿ, ಬಲಗಿವಿಯ ಮೇಲೊಂದು ಪೆನ್ಸಿಲು. ಅದು ಸವೆದು ಸವೆದು ಕಿವಿಯ ಮೇಲೆ ನಿಲ್ಲಲಾರದಷ್ಟು ಗಿಡ್ಡವಾದ ಮೇಲೇ ಹೊಸದು ಕೇಳುತ್ತಿದ್ದರು. ತದಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಭಟ್ಕಳ ಪೇಟೆಯ ಕಡೆಯವರು ಬಂದರೆ ನವಾಯತಿಯಲ್ಲಿ ನಾಲ್ಕು ಮಾತು.

ನಾನು ಆ ಕಚೇರಿಗೆ ಹಾಜರಾದ ದಿನ ನನ್ನ ಮುಂದೆ ಒಂದು ಫಾರ್ಮು ಇಟ್ಟರು.

"ಹೊಸಬ್ರು ಅಲ್ದಾ? ಇದೊಂದು ತುಂಬಿ ಕೊಡಿ."

ಹಾಜರಾತಿಗೆ ಸಂಬಂಧಪಟ್ಟದ್ದಿರಬೇಕೆಂದು ತುಂಬಲು ಕೂತೆ. ಅವರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಒಂದು ಕಡೆ ನನ್ನ ಪೆನ್ನು ತಡೆಯಿತು. ಅವರು ಕಿವಿಯಿಂದ ಪೆನ್ಸಿಲು ತೆಗೆದು ಅಲ್ಲೊಂದು ಚುಕ್ಕೆ ಇಟ್ಟರು. ಇನ್ನೊಂದು ಕಡೆ ತಡೆಯಿತು, ಇನ್ನೊಂದು ಚುಕ್ಕೆ. ಮುಗಿಯುವ ಹೊತ್ತಿಗೆ ಮೂರು ಚುಕ್ಕೆಗಳಾಗಿದ್ದವು. ಆಮೇಲೆ ನೋಡಿದರೆ ಅದು ಪಹಣಿ ತಿದ್ದುಪಡಿಯ ಫಾರ್ಮು, ನನಗೂ ಅದಕ್ಕೂ ಸಂಬಂಧವೇ ಇಲ್ಲ. ನನಗೆ ಸಿಟ್ಟು ಬಂತು.

"ಸಿಟ್ಟಾಗ್ಬೇಡಿ," ಎಂದರು. "ಎಂ.ಎ. ಮಾಡ್ದವ್ರು ನೀವು ಮೂರು ಕಡೆ ನಿಂತ್ರಿ. ನಮ್ ತದಡಿಯ ಮೀನಿನ ಹೆಂಗಸು ಎಂತ ಮಾಡ್ಬೇಕು? ಪೆನ್ನು ನಿಂತಲ್ಲಿ ತಪ್ಪು ನಮ್ದು. ತುಂಬುವವ್ರದ್ದಲ್ಲ."

ಇದೇ ಅವರ ಕಸುಬು. ಯಾವ ಹೊಸ ಫಾರ್ಮು ಬಂದರೂ ಮೊದಲು ಜಗಲಿಗೆ ಒಯ್ಯುತ್ತಿದ್ದರು. ಅಲ್ಲಿ ಎರಡು ಸ್ಟೂಲು. ಬಂದವರನ್ನು ಒಂದರ ಮೇಲೆ ಕೂರಿಸಿ, ತಾವು ಇನ್ನೊಂದರ ಮೇಲೆ ಕೂತು, ಅವರು ತುಂಬುವುದನ್ನು ಸುಮ್ಮನೆ ನೋಡುವುದು. "ಇಲ್ಲಿ ಎಂತ ಬರೀಬೇಕು ಸಾಹೇಬ್ರೆ?" ಎಂದು ಕೇಳಿದರೆ, "ನಿಮ್ಗೆ ಎಂತ ಅನ್ಸ್ತದೆ?" ಎಂದು ತಿರುಗಿ ಕೇಳಿ, ಚುಕ್ಕೆ ಇಟ್ಟು, ಆಮೇಲೆ ಸಾವಕಾಶವಾಗಿ ತಿಳಿಸಿ ಹೇಳುವುದು. ಸಂಜೆಯ ಹೊತ್ತಿಗೆ ಆ ಹಾಳೆ ಸಿಡುಬು ಎದ್ದ ಮೈಯ ಹಾಗೆ ಕಾಣುತ್ತಿತ್ತು. ಅದನ್ನು ಒಳಗೆ ತಂದು ನಮಗೆಲ್ಲ ತೋರಿಸುತ್ತಿದ್ದರು, ನಾವು ನಗುತ್ತಿದ್ದೆವು.

ಕಚೇರಿ ಕನ್ನಡದ ಮೇಲೆ ಅವರಿಗೆ ಹಳೆಯ ಜಗಳ. "ಸದರಿ ಅಂದ್ರೆ ಯಾರು ಮಾರಾಯ್ರೆ? ಎಲ್ಲ ಕಾಗದದಲ್ಲೂ ಬರ್ತಾನೆ. ಒಂದು ದಿನ ಆದ್ರೂ ಕಚೇರಿಗೆ ಬಂದವನಲ್ಲ" ಎನ್ನುತ್ತಿದ್ದರು. "ಅನ್ವಯಿಸದಿರುವುದನ್ನು ಹೊಡೆದುಹಾಕಿ" ಎಂಬ ಸಾಲು ಕಂಡರಂತೂ ಅವರಿಗೆ ಆಗುತ್ತಿರಲಿಲ್ಲ. ಹೆಬಳೆಯ ಒಬ್ಬ ಅಜ್ಜ, ಪಾಪ, ತನಗೆ ಬೇಕಾದದ್ದನ್ನೇ ಸ್ಕೇಲು ಹಿಡಿದು ಜತನದಿಂದ ಹೊಡೆದುಹಾಕಿ ತಂದಿದ್ದ. ಮೂರು ತಿಂಗಳು ಓಡಾಡಿದ. "ಅವ್ರಿಗೆ ಬೇಕಾದ್ದಕ್ಕೆ ಒಂದು ಗುರುತು ಹಾಕೂಕೆ ಹೇಳಿ. ಹೊಡೆದುಹಾಕೂದು ನಮ್ ಕೆಲ್ಸ, ಅದು ನಮ್ಗೆ ಚೆನ್ನಾಗಿ ಬರ್ತದೆ" ಎಂದರು ಇವರು, ಸಾಹೇಬರ ಎದುರಿನಲ್ಲೇ.

ಶಿರಾಲಿ ಕಡೆಯ ಒಂದು ಮನೆಗೆ ಸ್ಥಳ ತನಿಖೆಗೆ ಹೋದವರು ಮೂರು ಸಲ ಮನೆ ಸಿಗದೆ ವಾಪಸು ಬಂದಿದ್ದರು. ವಿಳಾಸದಲ್ಲಿ ಇದ್ದದ್ದು ಮನೆ ಹೆಸರು, ಅಂಚೆ, ತಾಲ್ಲೂಕು ಅಷ್ಟೇ. ಇವರು ವಿಳಾಸದ ಕೆಳಗೆ ಕೈಯಲ್ಲೇ ಒಂದು ಗೆರೆ ಎಳೆದು "ನಿಮ್ಮ ಮನೆಗೆ ಬರುವ ದಾರಿ" ಎಂದು ಬರೆದರು. ಅದಾದ ಮೇಲೆ ಜನ ಎಷ್ಟು ಚೆಂದ ಬರೆಯುತ್ತಿದ್ದರು ಅಂತೀರಿ. "ಹೆದ್ದಾರಿಯಿಂದ ಇಳಿದು, ಗರಗಸದ ಮಿಲ್ಲು ಕಳೆದು, ಕಾಲುಸಂಕ ದಾಟಿದ ಕೂಡಲೇ, ಬಾಗಿಲಲ್ಲಿ ಕಪ್ಪು ನಾಯಿ ಇದೆ, ಕಚ್ಚುವುದಿಲ್ಲ." ಅದನ್ನು ಅವರು ಗಟ್ಟಿಯಾಗಿ ಓದಿ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಈಗ ನನ್ನ ಕಥೆಗೆ ಬರಬೇಕು. ಇಷ್ಟು ಹೊತ್ತು ಸುತ್ತು ಬಳಸಿದ್ದು ಅದನ್ನು ಹೇಳಲು ಮನಸ್ಸಿಲ್ಲದೆ.

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಉಳಿದವರು ಯಾರ್ಯಾರು ಎಂದು ಕಚೇರಿಯಿಂದ ಒಂದು ದೃಢೀಕರಣ ಪತ್ರ ಪಡೆಯಬೇಕು. ಅದಿಲ್ಲದೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ. ಅದರ ಅರ್ಜಿ ನಾಲ್ಕು ಪುಟವಿತ್ತು, ಅರ್ಧ ಜನಕ್ಕೆ ಅರ್ಥವಾಗುತ್ತಿರಲಿಲ್ಲ. ಹೊಸದಾಗಿ ಬಂದ ಸಾಹೇಬರು ನನ್ನನ್ನು ಕರೆದು, ಒಂದೇ ಪುಟದಲ್ಲಿ ಎಲ್ಲರಿಗೂ ತಿಳಿಯುವಂಥ ಫಾರ್ಮು ಮಾಡಿ ಎಂದರು. ನನಗೆ ಕಂಪ್ಯೂಟರು ಬರುತ್ತಿತ್ತು, ಅದಕ್ಕೇ ನನಗೆ ಹೇಳಿದ್ದು. ಫಾರ್ಮಿನ ಒಳಗಿನದ್ದು ನನಗೆ ಏನೂ ಗೊತ್ತಿರಲಿಲ್ಲ. ಸೀದಾ ಟಪಾಲು ಮೇಜಿಗೆ ಹೋದೆ.

ಎರಡು ತಿಂಗಳು ಇಬ್ಬರೂ ಕೂತೆವು, ಊಟದ ಬಿಡುವಿನಲ್ಲಿ, ಸಂಜೆ ಅವರ ಬಸ್ಸಿನ ಹೊತ್ತಿನವರೆಗೆ. ಅವರು ಹೇಳುವುದು, ನಾನು ಟೈಪು ಮಾಡುವುದು, ಅವರು ಜಗಲಿಗೆ ಒಯ್ದು ಚುಕ್ಕೆ ಹಾಕಿಸಿಕೊಂಡು ಬರುವುದು. ಮೊದಲು ಅರ್ಜಿದಾರರ ಹೆಸರು ಹಾಕಿದ್ದೆ. ಬೇಡ ಎಂದರು.

"ಸಾವಾದ ಮನೆಯವ್ರು ಬಂದ್ರೆ ಮೊದ್ಲು ಎಂತ ಹೇಳ್ತಾರೆ? 'ನಮ್ಮನೆಯವ್ರು ಹೋದ್ರು' ಅಂತಾರೆ. ತನ್ನ ಹೆಸ್ರು ಹೇಳೂದಿಲ್ಲ. ಹೋದವ್ರ ಹೆಸ್ರು ಮೊದ್ಲು ಕೇಳಿ. ಅದು ಬರ್ದ ಮೇಲೆ ಕೈ ನಡುಗೂದು ಕಮ್ಮಿ ಆಗ್ತದೆ."

ಹೆಬ್ಬೆಟ್ಟು ಒತ್ತುವ ಜಾಗವನ್ನು ತಮ್ಮ ಹೆಬ್ಬೆರಳಿಟ್ಟೇ ಅಳೆದರು. ಬಲೆ ಎಳೆಯುವವರ ಬೆರಳು ನಮ್ಮದಕ್ಕಿಂತ ದಪ್ಪ ಎಂದು ಹೇಳಿ ಇನ್ನೂ ಅರ್ಧ ಬೆರಳು ಸೇರಿಸಿದರು.

ಒಂದು ಸಾಲಿನ ಮೇಲೆ ಮಾತ್ರ ಅವರದ್ದು ಹಟ. ಅರ್ಜಿದಾರರ ಹೆಸರಿನ ಕೆಳಗೆ "ನಿಮಗೆ ಬೇರೆ ಹೆಸರು ಇದ್ದರೆ, ತವರಿನದ್ದು ಅಥವಾ ಗಂಡನ ಮನೆಯದ್ದು, ಅದನ್ನೂ ಬರೆಯಿರಿ" ಎಂಬ ಸಾಲು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಹರಿವಾಣದಲ್ಲಿ ಅಕ್ಕಿ ಹರಡಿ, ಗಂಡು ಉಂಗುರದಿಂದ ಹೆಣ್ಣಿನ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಂದ ಅವಳ ಹೆಸರು ಅದೇ.

"ಅಕ್ಕಿ ಮೇಲೆ ಬರ್ದದ್ದು ರೇಶನ್ ಕಾರ್ಡಿಗೆ ಬರ್ತದೆ. ಶಾಲೆ ದಾಖಲೆಗೆ ಬರೂದಿಲ್ಲ," ಎಂದರು. "ಗಂಡ ಇರೂವರೆಗೆ ಯಾರೂ ಕೇಳೂದಿಲ್ಲ. ಅವ ಹೋದ ಮರುದಿನ ಕೇಳ್ತಾರೆ. ಉಳ್ದದ್ದು ಎಂತ ಬೇಕಾದ್ರೂ ತೆಗೀರಿ, ಈ ಸಾಲು ತೆಗೀಬೇಡಿ."

ಆ ಕರಡಿನಲ್ಲಿ ಹೆಸರಿನ ಪಕ್ಕ ಆರು ಚುಕ್ಕೆಗಳಿದ್ದವು. ಆರು ಹೆಂಗಸರು ಅಲ್ಲಿ ನಿಂತ ಮೇಲೇ ಅವರು ಆ ಸಾಲನ್ನು ಕೆಳಗೆ ಕೈಯಲ್ಲಿ ಬರೆದು ಸೇರಿಸಿದ್ದರು.

ಅಷ್ಟರಲ್ಲಿ ಅವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಹದಿನೈದು ದಿನ ರಜೆ ಹಾಕಿದರು. ಸಾಹೇಬರಿಗೆ ಮೀಟಿಂಗು ಹತ್ತಿರ ಬಂದಿತ್ತು, ನಾಳೆಯೇ ಬೇಕು ಎಂದರು. ಮುದ್ರಿಸಿ ನೋಡಿದರೆ ಎರಡೇ ಎರಡು ಸಾಲು ಎರಡನೆಯ ಪುಟಕ್ಕೆ ಇಳಿಯುತ್ತಿತ್ತು. ಅಕ್ಷರ ಸಣ್ಣದು ಮಾಡಬಹುದಿತ್ತು. ಮೇಲಿನ ಲಾಂಛನ ಕಿರಿದು ಮಾಡಬಹುದಿತ್ತು. ಹಾಳೆಯ ಹಿಂಬದಿಗೆ ಮುದ್ರಿಸಬಹುದಿತ್ತು. ಇದೆಲ್ಲ ಈಗ ಹೊಳೆಯುತ್ತದೆ. ಆಗ ಕಣ್ಣಿಗೆ ಬಿದ್ದದ್ದು ಆ ಉದ್ದನೆಯ ಸಾಲು. ತೆಗೆದೆ. ಫಾರ್ಮು ಒಂದು ಪುಟದಲ್ಲಿ ಅಚ್ಚುಕಟ್ಟಾಗಿ ಕೂತಿತು.

ಮೀಟಿಂಗಿನಲ್ಲಿ ಎಲ್ಲರೂ ಹೊಗಳಿದರು. ಇದನ್ನು ಮಾಡಿದವರು ಇವರು ಎಂದು ಸಾಹೇಬರು ನನ್ನ ಹೆಸರು ಹೇಳಿದರು. ಎದ್ದು ನಿಂತು ಕೈ ಮುಗಿದೆ. ಇನ್ನೊಬ್ಬರಿದ್ದಾರೆ ಸರ್ ಎನ್ನಲು ಒಂದು ಉಸಿರು ಸಾಕಿತ್ತು. ಹೇಳಲಿಲ್ಲ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಸುತ್ತಲಿನ ತಾಲ್ಲೂಕಿನವರೂ ಫಾರ್ಮಿನ ಪ್ರತಿ ಕೇಳಿ ಒಯ್ದರು.

ಅವರು ಕಪ್ಪು ಕನ್ನಡಕ ಹಾಕಿಕೊಂಡು ಕೆಲಸಕ್ಕೆ ಮರಳಿದ ದಿನ ಮುದ್ರಿತ ಫಾರ್ಮನ್ನು ಕೈಗೆ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ಮೇಲಿಂದ ಕೆಳಗೆ ಓದಿದರು. ಒಂದು ಕಡೆ ಬೆರಳು ನಿಂತಿತು. ಆಮೇಲೆ ಹಾಳೆ ತಿರುಗಿಸಿದರು.

"ಹಿಂದೆ ಖಾಲಿ ಅದೆಯಲ್ಲ," ಎಂದರು.

"ಒಂದೇ ಪುಟ ಅಂದಿದ್ರಲ್ಲ ಸಾಹೇಬ್ರು," ಎಂದೆ.

"ಆತು," ಎಂದರು. ಫಾರ್ಮನ್ನು ಮೇಜಿನ ಮೇಲಿಟ್ಟು ಸೀಲು ಹೊಡೆಯಲು ಕೂತರು.

ಅವರು ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಆ "ಆತು" ನನ್ನನ್ನು ಇವತ್ತಿನವರೆಗೆ ಬಿಟ್ಟಿಲ್ಲ.

ಮುಂದಿನ ಮಳೆಗಾಲ ಕಳೆದ ಮೇಲೆ ಒಬ್ಬ ಹೆಂಗಸು ಬಂದಳು. ಗಂಡ ದೋಣಿಗೆ ಹೋದವನು ಮರಳಿರಲಿಲ್ಲ, ಎರಡು ದಿನದ ಮೇಲೆ ಹೆಣ ಸಿಕ್ಕಿತ್ತು. ಫಾರ್ಮಿನಲ್ಲಿ ಒಂದು ಹೆಸರು ಬರೆದಿದ್ದಳು, ಲಗತ್ತಿಸಿದ ದಾಖಲೆಯಲ್ಲಿ ಇನ್ನೊಂದು ಹೆಸರಿತ್ತು. "ಹೆಸರು ತಾಳೆಯಾಗುವುದಿಲ್ಲ, ಹಿಂದಿರುಗಿಸಿದೆ" ಎಂದು ಷರಾ ಬರೆದವನು ನಾನೇ, ಸಹಿಯೂ ನನ್ನದೇ. ಎರಡನೆಯ ಸಲ ಇನ್ನೊಂದು ಹೆಸರು ಬರೆದು ತಂದಳು. ಆಗ ಬೇರೆ ದಾಖಲೆಗೆ ತಾಳೆಯಾಗಲಿಲ್ಲ. ಮತ್ತೆ ಅದೇ ಷರಾ. ಕಾರಣ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಫಾರ್ಮಿನಲ್ಲಿ ಜಾಗವಿಲ್ಲದ್ದನ್ನು ನಾನು ಹೇಗೆ ತೆಗೆದುಕೊಳ್ಳಲಿ ಎಂದು ನನಗೆ ನಾನೇ ಹೇಳಿಕೊಂಡೆ.

ಮೂರನೆಯ ಸಲ ಅವಳು ಜಗಲಿಯ ಸ್ಟೂಲಿನ ಮೇಲೆ ಕೂತು ಅತ್ತಳಂತೆ. ಇವರು ಪೆನ್ಸಿಲನ್ನು ಕಿವಿಯ ಮೇಲಿಟ್ಟು ಪೆನ್ನು ತೆಗೆದರು. ಫಾರ್ಮಿನ ಅಂಚಿನಲ್ಲಿ ಅವಳ ಎರಡೂ ಹೆಸರು ಬರೆದು, "ಇಬ್ಬರೂ ಒಬ್ಬರೇ, ನಾನು ವಿಚಾರಿಸಿ ತಿಳಿದಿದ್ದೇನೆ" ಎಂದು ಸಹಿ ಹಾಕಿ, ಸೀದಾ ಸಾಹೇಬರ ಮೇಜಿಗೆ ಒಯ್ದರು. ಕೆಲಸವಾಯಿತು. ಆ ಹೆಂಗಸು ಹೋದಳು.

ಕಡತ ತಪಾಸಣೆಗೆ ಮೇಲಿನಿಂದ ಬಂದವರ ಕಣ್ಣಿಗೆ ಆ ಅಂಚಿನ ಬರಹ ಬಿತ್ತು. ಅರ್ಜಿದಾರರ ಫಾರ್ಮಿನ ಮೇಲೆ ನೌಕರ ತನ್ನ ಕೈಯಲ್ಲಿ ಬರೆಯಬಹುದೇ? ಇವರಿಗೆ ನೋಟೀಸು ಬಂತು. ಸಾಹೇಬರು ಇವರನ್ನೂ ನನ್ನನ್ನೂ ಕೋಣೆಗೆ ಕರೆದರು.

"ಆ ಸಾಲು ನಮ್ ಫಾರ್ಮಲ್ಲಿ ಮೊದ್ಲು ಇತ್ತು ಸರ್. ಜನ್ರ ಹತ್ರ ತುಂಬಿಸಿ ನೋಡಿ ಹಾಕಿದ್ದು. ಇಲ್ದೇ ಹೋದ್ದಕ್ಕೆ ಅಂಚಲ್ಲಿ ಬರೀಬೇಕಾತು," ಎಂದರು ಇವರು. ನಾನು ತೆಗೆದೆ ಎಂದು ಹೇಳಲಿಲ್ಲ.

ಸಾಹೇಬರು ನನ್ನ ಕಡೆ ತಿರುಗಿದರು. ಕೇಳಿದ್ದು ನ್ಯಾಯವಾಗಿಯೇ. "ಕರಡಿನಲ್ಲಿ ಆ ಸಾಲು ಇತ್ತೇ?"

ಆರು ಚುಕ್ಕೆಯ ಆ ಕರಡು ನನ್ನ ಮೇಜಿನ ಖಾನೆಯಲ್ಲೇ ಇತ್ತು. ಇಪ್ಪತ್ತು ಹೆಜ್ಜೆ ನಡೆದು ತಂದರೆ ಮುಗಿಯುತ್ತಿತ್ತು. ಆದರೆ ಬಡ್ತಿಯ ಪಟ್ಟಿ ಆ ತಿಂಗಳೇ ಬರುವುದಿತ್ತು. ಫಾರ್ಮಿಗೆ ನನ್ನ ಹೆಸರಿತ್ತು, ಅದರ ತಪ್ಪಿಗೂ ನನ್ನ ಹೆಸರೇ ಬರುತ್ತಿತ್ತು.

"ಕರಡು ಹಲವಾಗಿದ್ದವು ಸರ್. ಸರಿಯಾಗಿ ನೆನಪಿಲ್ಲ," ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಫಾರ್ಮನ್ನೇ ನೋಡುತ್ತಿದ್ದರು.

ನಿವೃತ್ತಿಗೆ ಒಂದು ವರ್ಷವಿದ್ದಾಗ ಅವರನ್ನು ಟಪಾಲು ಮೇಜಿನಿಂದ ತೆಗೆದು ರೆಕಾರ್ಡು ರೂಮಿಗೆ ಹಾಕಿದರು. ಹೆಸರಿಗೆ ಅದು ಶಿಕ್ಷೆಯಲ್ಲ. ಆದರೆ ಅಲ್ಲಿಗೆ ಜನ ಬರುವುದಿಲ್ಲ. ಒಂದು ದಿನ ಚಹಾ ಹಿಡಿದುಕೊಂಡು ಹೋದೆ. ಕಟ್ಟು ಬಿಚ್ಚಿ ಧೂಳು ಹೊಡೆಯುತ್ತಿದ್ದರು. ಕಿವಿಯ ಮೇಲೆ ಉದ್ದನೆಯ ಪೆನ್ಸಿಲಿತ್ತು.

"ಇಲ್ಲಿ ಯಾರೂ ಬರೂದಿಲ್ಲ. ಪೆನ್ಸಿಲು ಸವೀಯೂದೇ ಇಲ್ಲ," ಎಂದು ನಕ್ಕರು. ಚಹಾ ಕುಡಿದರು. ಕ್ಷಮಿಸಿ ಎನ್ನದೆಯೇ ಖಾಲಿ ಲೋಟ ಹಿಡಿದು ನನ್ನ ಮೇಜಿಗೆ ಮರಳಿದೆ.

ನನಗೆ ಬಡ್ತಿ ಬಂತು, ಬೇರೆ ತಾಲ್ಲೂಕಿಗೆ ಹೋದೆ. ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ, ಕುಮಟಾ ಬಸ್ ನಿಲ್ದಾಣದಲ್ಲಿ. ಕೈಯಲ್ಲಿ ದಂಟು ಹೆಣೆದ ಸಿಹಿ ಈರುಳ್ಳಿಯ ಎರಡು ಜಡೆ. ನನ್ನನ್ನು ಕಂಡವರೇ ಹತ್ತಿರ ಬಂದು, "ಹ್ಯಾಂಗದೆ ನಮ್ ಫಾರ್ಮು?" ಎಂದರು. ನಮ್ ಫಾರ್ಮು. ನಿಮ್ಮದು ಅನ್ನಲಿಲ್ಲ, ನನ್ನದು ಅನ್ನಲಿಲ್ಲ. "ನಡೀತಾ ಇದೆ" ಎಂದೆ. ಬಸ್ಸು ಬಂತು. ಹತ್ತುವಾಗ ಒಂದು ಜಡೆ ಈರುಳ್ಳಿಯನ್ನು ನನ್ನ ಕೈಗೆ ಕೊಟ್ಟು ಹೋದರು. ನಾಚಿಕೆಯಿಲ್ಲದೆ ತೆಗೆದುಕೊಂಡೆ, ಮನೆಗೆ ತಂದೆ, ತಿಂದೆವು.

ಅವರು ತೀರಿಕೊಂಡ ಸುದ್ದಿ ತಿಳಿದದ್ದು ತಿಂಗಳ ಮೇಲೆ. ಹೋಗಬೇಕು ಹೋಗಬೇಕು ಎಂದು ಮತ್ತೆ ನಾಲ್ಕು ತಿಂಗಳು ಕಳೆದೆ. ಆ ಕರಡು ಊರೂರು ಸುತ್ತಿ ನನ್ನ ಮನೆಯ ಕಪಾಟಿನಲ್ಲೇ ಇತ್ತು. ಒಂದು ಭಾನುವಾರ ಅದನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ನನ್ನ ಹೆಂಡತಿಗೆ ಎಲ್ಲ ಗೊತ್ತು. "ಅದ್ನ ತಗಂಡು ಒಂದ್ಸಲ ಹೋಗಿ ಬನ್ನಿ. ಇಲ್ದಿದ್ರೆ ನಿಮ್ಗೆ ನಿದ್ರೆ ಬತ್ತಿಲ್ಲೆ," ಎಂದಳು. ಹೊರಟೆ.

ತದಡಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರ ಹೆಂಡತಿ ಒಬ್ಬರೇ ಇದ್ದರು. ಮುರುಗಲ ಪಾನಕ ಕೊಟ್ಟು, ಎದುರಿಗೆ ಕೂತು, ನಾನು ಮಾತು ಶುರುಮಾಡುವ ಮೊದಲೇ ಒಳಗಿನಿಂದ ಒಂದು ಹಾಳೆ ತಂದರು.

"ನೀವು ಬಂದದ್ದು ಒಳ್ಳೇದಾತು. ಇದೊಂದು ತುಂಬಿ ಕೊಡ್ಬೇಕಿತ್ತು. ಐದು ತಿಂಗ್ಳಾತು, ಕೈಯೇ ಬರ್ಲಿಲ್ಲ."

ಅದೇ ಫಾರ್ಮು. ನಾನೇ ತುಂಬುತ್ತೇನೆ ಎಂದೆ. ಬೇಡ ಎಂದರು. "ಏಳನೇತ್ತೆವರೆಗೆ ಓದಿದ್ದೆ ನಾನು. ಅವ್ರ ಹೆಸ್ರು ನಾನೇ ಬರೀತೆ. ನೀವು ಹತ್ರ ಕೂತ್ಕಳಿ."

ಹತ್ತಿರ ಕೂತೆ. ಮೊದಲು ಹೋದವರ ಹೆಸರು. ಕೈ ನಡುಗಿತು, ಬರೆದರು. ದಿನ, ಊರು, ಮನೆಯ ವಿಳಾಸ ಬರೆಯುತ್ತಾ ಹೋದಂತೆ ಕೈ ಗಟ್ಟಿಯಾಯಿತು. "ನಿಮ್ಮ ಮನೆಗೆ ಬರುವ ದಾರಿ" ಎಂಬಲ್ಲಿ ಬಂದರಿನಿಂದ ಹಿಡಿದು ಬಾಗಿಲಿನವರೆಗೆ ನಿಲ್ಲದೆ ಬರೆದರು. ಆಮೇಲೆ ಅರ್ಜಿದಾರರ ಹೆಸರು.

ಪೆನ್ನು ನಿಂತಿತು.

"ಯಾವ ಹೆಸ್ರು ಬರೀಲಿ?" ಎಂದರು. "ತವರಲ್ಲಿ ಗುಲಾಬಿ. ಇಲ್ಲಿ ಬಂದ ಮೇಲೆ ಸರಸ್ವತಿ. ಬ್ಯಾಂಕಲ್ಲಿ ಒಂದದೆ, ಕಾರ್ಡಲ್ಲಿ ಒಂದದೆ. ಊರವ್ರದ್ದೆಲ್ಲ ಸರಿ ಮಾಡ್ಸಿ ಕೊಟ್ರು ಅವ್ರು. ಮನೇದು ಮಾತ್ರ ನಾಳೆ ಮಾಡ್ವ, ನಾಳೆ ಮಾಡ್ವ ಅಂದ್ರು."

ಅವರ ಸ್ವಂತ ಹೆಂಡತಿಗೆ ಎರಡು ಹೆಸರು ಎಂದು ನನಗೆ ಗೊತ್ತಿರಲಿಲ್ಲ. ಅಕ್ಕಿಯ ಮೇಲೆ ಉಂಗುರದಿಂದ ಬರೆದವರು ಅವರೇ. ಆ ಸಾಲು ತೆಗೆಯಬೇಡಿ ಎಂದಾಗ ಅವರ ಕಣ್ಣ ಮುಂದೆ ಈ ದಿನವೇ ಇದ್ದಿರಬೇಕು. ಒಂದು ಮಾತೂ ಹೇಳಿರಲಿಲ್ಲ. ಚೀಲದಿಂದ ಕರಡು ತೆಗೆದು ಅವರ ಮುಂದಿಟ್ಟೆ.

"ಫಾರ್ಮಿನಲ್ಲಿ ಈ ಸಾಲು ಇರಬೇಕಿತ್ತು ಅಕ್ಕಾ. ಅವರು ಹಾಕಿಸಿದ್ದು. ತೆಗೆದವನು ನಾನು. ಸಾಹೇಬರು ಕೇಳಿದಾಗ ನೆನಪಿಲ್ಲ ಅಂದವನೂ ನಾನೇ."

ಅವರು ಕರಡಿನ ಮೇಲೆ ಬೆರಳಾಡಿಸಿದರು. ಒಂದೊಂದು ಚುಕ್ಕೆಯನ್ನೂ ಮುಟ್ಟಿದರು.

"ಗೊತ್ತು," ಎಂದರು. "ಅವತ್ತೇ ಬಂದು ಹೇಳಿದ್ರು. ಸಣ್ಣ ಮಕ್ಳು ಅವೆ ಅವ್ರಿಗೆ, ಹೆದ್ರಿದ್ರು, ಅಂದ್ರು." ಫಾರ್ಮನ್ನು ನನ್ನ ಕಡೆ ಸರಿಸಿದರು. "ಅದು ಆತು. ಈಗ ನಾನು ಯಾವ ಹೆಸ್ರು ಬರೀಲಿ, ಅದು ಹೇಳಿ."

ನನ್ನ ತಪ್ಪೊಪ್ಪಿಗೆಯಿಂದ ಅವರಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಬೇಕಾದದ್ದು ಎರಡು ಹೆಸರು ಬರೆಯುವಷ್ಟು ಜಾಗ. ಅದನ್ನು ನಾನು ಉಳಿಸಿರಲಿಲ್ಲ.

ಹಾಳೆ ತಿರುಗಿಸಿದೆ. ಹಿಂಬದಿ ಖಾಲಿಯಿತ್ತು. ಅಲ್ಲಿ ನನ್ನ ಕೈಯಲ್ಲೇ ಗುಲಾಬಿ ಎಂದು ಬರೆದೆ, ಸರಸ್ವತಿ ಎಂದು ಬರೆದೆ. "ಇಬ್ಬರೂ ಒಬ್ಬರೇ, ನಾನು ವಿಚಾರಿಸಿ ತಿಳಿದಿದ್ದೇನೆ" ಎಂದು ಬರೆದು, ಕೆಳಗೆ ಸಹಿ, ಹೆಸರು, ಹುದ್ದೆ, ತಾರೀಖು ಹಾಕಿದೆ. ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕರಡನ್ನು ಅದಕ್ಕೆ ಪಿನ್ನು ಹಾಕಿ ಲಗತ್ತಿಸಿದೆ.

"ಹೀಂಗೆ ಬರ್ದದ್ದಕ್ಕೇ ಅಲ್ದಾ ಅವ್ರಿಗೆ ತೊಂದ್ರೆ ಆದದ್ದು? ನಿಮ್ಗೆ ಕೇಳ್ರೆ ಎಂತ ಹೇಳ್ತ್ರಿ?"

"ನೆನಪಿದೆ ಅಂತೇನೆ," ಎಂದೆ.